ಎರಡು ಊರಿನ ಒಂದೇ ಬೀರು

ತ್ರೋಯಾನ್ ಪಟ್ಟಣದ ಬೇಕರಿ ಇನ್ನೂ ಬಾಗಿಲು ತೆರೆದಿಲ್ಲ. ಬಸ್ ನಿಲ್ದಾಣದ ಗೋಡೆಯ ಮುಂದೆ ಪೆನ್ಕಾ ಎಂಬ ಮಹಿಳೆ ಬಕೆಟ್ ಇಳಿಸಿ, ಮೈದಾ ಅಂಟಿನಲ್ಲಿ ಬ್ರಷ್ ಅದ್ದುತ್ತಾರೆ. ಕಂಕುಳಲ್ಲಿ ಹಾಳೆಗಳ ಸುರುಳಿ. ಒಂದೊಂದು ಹಾಳೆಯಲ್ಲೂ ಒಂದು ಮುಖ, ಅದರ ಕೆಳಗೆ ಹೆಸರು, ಸತ್ತು ಎಷ್ಟು ಕಾಲವಾಯಿತು ಎಂಬ ಸಾಲು. ಜನ ಕೆಲಸಕ್ಕೆ ಹೊರಡುವ ಮೊದಲೇ ಇವೆಲ್ಲ ಗೋಡೆಗೆ, ಮನೆಬಾಗಿಲಿಗೆ, ರಸ್ತೆಬದಿಯ ಮರದ ಕಾಂಡಕ್ಕೆ ಅಂಟಿರಬೇಕು ಎಂಬುದು ಅವರ ಹಟ. ಗಾಳಿಗೆ ಹಾಳೆಯ ಮೂಲೆ ಎದ್ದರೆ ಅಂಗೈಯಿಂದ ಒತ್ತಿ ಹಿಡಿದು, ಒಣಗುವ ತನಕ ಹಾಗೇ ನಿಲ್ಲುತ್ತಾರೆ.

ಊರಿನ ಎಲ್ಲರಿಗೂ ಈ ಹಾಳೆಗಳು ಗೊತ್ತು. ಮಾಡುವವರು ಯಾರೆಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಪೆನ್ಕಾ ಮೊದಲು ಮಡಕೆ ಕಾರ್ಖಾನೆಯಲ್ಲಿ ತಟ್ಟೆಗಳಿಗೆ ಬಣ್ಣ ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಒಂದು ಸ್ಟುಡಿಯೋದಲ್ಲಿ ಹಳೆ ಫೋಟೋ ತಿದ್ದುವುದು ಕಲಿತರು. ಈಗ ಅವರೂ ಲೋವೆಚ್ ಪಟ್ಟಣದ ಮೆತೋದಿಯೂ ಪಾಲುದಾರರು. ಪೆನ್ಕಾ ಮನೆಯವರಿಂದ ಫೋಟೋ ಪಡೆದು, ತಿದ್ದಿ, ಹಾಳೆ ಮಾಡುತ್ತಾರೆ. ಮೆತೋದಿ ಅದೇ ಮುಖವನ್ನು ಪಿಂಗಾಣಿ ಬಿಲ್ಲೆಯ ಮೇಲೆ ಸುಟ್ಟು ಸಮಾಧಿ ಕಲ್ಲಿಗೆ ಕೂರಿಸುತ್ತಾನೆ.

ಸಾವಿನ ಮನೆಯಿಂದ ಬರುವ ಫೋಟೋಗಳೆಂದರೆ ಯಾರದೋ ಮದುವೆಯಲ್ಲಿ ತೆಗೆದವು, ಗುರುತಿನ ಚೀಟಿಯಿಂದ ಕಿತ್ತವು. “ಮುಖ ತಿದ್ದೋದು ಸುಲಭ ಕಣಪ್ಪ. ಪಕ್ಕದವರು ಹೆಗಲ ಮೇಲೆ ಕೈ ಹಾಕಿರ್ತಾರಲ್ಲ, ಅದನ್ನ ತೆಗೆಯೋದು ಕಷ್ಟ. ತೆಗೆದ್ರೆ ಹೆಗಲು ಬೋಳಾಗಿ ಕಾಣುತ್ತೆ,” ಎನ್ನುತ್ತಾರೆ ಪೆನ್ಕಾ, ಅವರ ಬಗ್ಗೆ ಬರೆಯಲು ಬಂದ ನನಗೆ.

ಮೊದಮೊದಲು ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಬಸ್ ಚಾಲಕನ ಕೈಯಲ್ಲಿ ಕಳಿಸುತ್ತಿದ್ದರು. ಆಮೇಲೆ ಮೆತೋದಿಯ ಸೋದರ ಸೊಸೆ ಬಂದು ಇಬ್ಬರ ಕಂಪ್ಯೂಟರಿಗೂ ಕ್ಲೌಡ್ ಜೋಡಿಸಿ ಹೋದಳು. ಇಲ್ಲಿ ಹಾಕಿದ್ದು ಅಲ್ಲೂ ಕಾಣುತ್ತದೆ ಎಂದಳು. ಇಲ್ಲಿ ತೆಗೆದದ್ದು ಅಲ್ಲಿಂದಲೂ ಹೋಗುತ್ತದೆ ಎಂದು ಹೇಳಿದಳೋ ಇಲ್ಲವೋ, ಇಬ್ಬರಿಗೂ ನೆನಪಿಲ್ಲ. ಪೆನ್ಕಾ ತಿಳಿದದ್ದು ಇಷ್ಟು: ತನ್ನದೊಂದು ಬೀರು, ಮೆತೋದಿಯದೊಂದು ಬೀರು, ನಡುವೆ ಯಾವುದೋ ಮೋಡದಲ್ಲಿ ಟಪಾಲು.

ಇಲ್ಲಿನ ಮನೆಗಳಲ್ಲಿ ಸತ್ತವರ ನಲವತ್ತನೇ ದಿನ ಕಳೆದ ಮೇಲೆ ಅವರ ಬಟ್ಟೆಬರೆ ಕೊಟ್ಟುಬಿಡುತ್ತಾರೆ. ಪೆನ್ಕಾ ಅದೇ ಲೆಕ್ಕದಲ್ಲಿ ಕಂಪ್ಯೂಟರಿನಲ್ಲೂ ನಡೆದುಕೊಂಡರು. ನಲವತ್ತರ ಹಾಳೆ ಅಂಟಿಸಿ ಬಂದ ಸಂಜೆ ಆ ಮುಖವನ್ನು ಅಳಿಸಿ, ಒಮ್ಮೆ ಶಿಲುಬೆಯ ಗುರುತು ಹಾಕಿಕೊಳ್ಳುವುದು. “ಹೋಗೋರನ್ನ ಹಿಡ್ಕೊಂಡು ಕೂರಬಾರದು,” ಎಂಬುದು ಅವರ ವಾದ. ಆದರೆ ಕಲ್ಲಿನ ಕೆಲಸ ಶುರುವಾಗುವುದೇ ಸಮಾಧಿಯ ಮಣ್ಣು ಕುಸಿದು ಕೂತ ಮೇಲೆ. ಅತ್ತ ಲೋವೆಚ್‌ನಲ್ಲಿ ಮೆತೋದಿ ಫೋಟೋ ಕಾಣದೆ ಕಂಪ್ಯೂಟರಿಗೆ ಬೈದು, ಅದರೊಳಗಿನ ಕಸದ ಬುಟ್ಟಿ ಕೆದಕಿ, ಸಿಕ್ಕಿದ್ದನ್ನು ಮತ್ತೆ ಒಳಗೆ ಇಡುತ್ತಿದ್ದ. ಇತ್ತ ಪೆನ್ಕಾ ಬೀರು ತೆರೆದರೆ ಕಳಿಸಿಕೊಟ್ಟವರೆಲ್ಲ ವಾಪಸ್ಸು!

ಒಬ್ಬ ಅಜ್ಜನಂತೂ ಅಳಿಸಿದಷ್ಟು ಸಲವೂ ಬಂದ. ಕಡೆಗೆ ಪೆನ್ಕಾ ಪಾದ್ರಿಯನ್ನು ಕರೆಸಿದರು. ಅವರು ಕಾಮಕಸ್ತೂರಿಯ ಕಟ್ಟನ್ನು ತೀರ್ಥದಲ್ಲಿ ಅದ್ದಿ ಕಂಪ್ಯೂಟರಿಗೆ ಚಿಮುಕಿಸಿದರು. ಕೀಲಿಮಣೆ ಕೆಟ್ಟಿತು. ಅಜ್ಜ ಮಾತ್ರ ಕದಲಲಿಲ್ಲ. ಇದನ್ನು ಪೆನ್ಕಾ ನಗದೆ ಹೇಳುತ್ತಾರೆ, ನಾನು ನಗು ತಡೆದುಕೊಂಡು ಬರೆದುಕೊಳ್ಳುತ್ತೇನೆ.

ಈ ವರ್ಷ ಮಾತ್ರ ನಗುವ ಹಾಗಿರಲಿಲ್ಲ. ಬಸ್ ಡಿಪೋದ ಮೆಕ್ಯಾನಿಕ್ ಗಾನ್ಚೊ ಕಳೆದ ಡಿಸೆಂಬರಿನಲ್ಲಿ ತೀರಿಕೊಂಡ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಮನುಷ್ಯ. ಅವನ ಹೆಂಡತಿ ಡೋಬ್ರಿನಾ ಹತ್ತಿರ ಇದ್ದದ್ದು ಒಂದೇ ಒಂದು ಫೋಟೋ. ಪೆನ್ಕಾ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಡೋಬ್ರಿನಾ ಅಸಲು ಫೋಟೋವನ್ನು ಶವಪೆಟ್ಟಿಗೆಯಲ್ಲಿ ಗಂಡನ ಕೋಟಿನ ಜೇಬಿಗೆ ಹಾಕಿ ಕಳಿಸಿಬಿಟ್ಟರು. ನಿನ್ನ ಹತ್ತಿರ ಇದೆಯಲ್ಲ ಎಂದರಂತೆ.

ಹೊಸ ವರ್ಷದ ಮಂಜಿನಲ್ಲಿ ಮೆತೋದಿ ಜಾರಿಬಿದ್ದು ಸೊಂಟ ಮುರಿದುಕೊಂಡು, ಹಳ್ಳಿಯ ತಂಗಿಯ ಮನೆ ಸೇರಿದ. ಅವನ ಕಂಪ್ಯೂಟರ್ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಪೆನ್ಕಾ ನಲವತ್ತಕ್ಕೆ ಗಾನ್ಚೊನನ್ನು ಅಳಿಸಿದರು. ವಾಪಸ್ಸು ತರುವವರು ಯಾರೂ ಇರಲಿಲ್ಲ. ತಿಂಗಳು ಕಳೆದ ಮೇಲೆ ಕಸದ ಬುಟ್ಟಿಯೂ ತಾನಾಗಿ ಖಾಲಿಯಾಯಿತು. ಈಗ ಪೆಂಟೆಕೋಸ್ಟ್ ಹಬ್ಬಕ್ಕೆ ಮುಂಚಿನ, ಸತ್ತವರನ್ನು ನೆನೆಯುವ ಶನಿವಾರ ಹತ್ತಿರ ಬಂದಿದೆ. ಅಷ್ಟರಲ್ಲಿ ಕಲ್ಲು ನಿಲ್ಲಲಿ ಎಂದು ಡೋಬ್ರಿನಾ ಕೇಳಿದ್ದಾರೆ. ಮೆತೋದಿ ಮನೆಗೆ ಮರಳಿ, ತನ್ನ ಕಂಪ್ಯೂಟರ್ ಇನ್ನೂ ತೆರೆಯದೆ, ಗಾನ್ಚೊ ಮುಖ ಇನ್ನೊಮ್ಮೆ ಕಳಿಸು ಎಂದು ಫೋನ್ ಮಾಡುತ್ತಾನೆ.

ಆ ಹೊತ್ತಿಗೆ ನಾನು ಪೆನ್ಕಾ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೇನೆ. ಅವರು ಹುಡುಕುತ್ತಾರೆ, ಮತ್ತೆ ಹುಡುಕುತ್ತಾರೆ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಾರೆ. ಡೋಬ್ರಿನಾ ಬಾಗಿಲಿನ ಮೇಲಿನ ಹಾಳೆ ಮಳೆಗೆ ಇಳಿದುಹೋಗಿದೆ, ಅದರಿಂದ ಕಲ್ಲಿಗೆ ಮುಖ ಬರುವುದಿಲ್ಲ. ಪೆನ್ಕಾ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಆ ಮನುಷ್ಯನನ್ನು ತಾನೇ ಎರಡನೇ ಸಲ ಹೂತಂತಾಯಿತು ಎನ್ನುತ್ತಾರೆ.

ಇಂಥದ್ದೆಲ್ಲ ಬಲ್ಲ ಗೆಳೆಯನೊಬ್ಬನಿಗೆ ನಾನು ಫೋನ್ ಮಾಡುತ್ತೇನೆ. ಮೆತೋದಿಯ ಕಂಪ್ಯೂಟರ್ ಹೊಸ ವರ್ಷದಿಂದ ಮುಚ್ಚಿದ್ದರೆ ಫೋಟೋ ಅದರೊಳಗೆ ಇನ್ನೂ ಇರಬಹುದು, ಆದರೆ ಇಂಟರ್ನೆಟ್ ಸೋಕಿದ ಕೂಡಲೇ ಅದೂ ಹೋಗುತ್ತದೆ, ಮೊದಲು ವೈರು ಕೀಳಿಸು ಎನ್ನುತ್ತಾನೆ. ನನಗೆ ಅರ್ಥವಾದದ್ದು ಅರ್ಧ. ಅದರಲ್ಲಿ ಅರ್ಧವನ್ನು ಪೆನ್ಕಾಗೆ ದಾಟಿಸುತ್ತೇನೆ. ಅವರು ಮೆತೋದಿಗೆ ದಾಟಿಸುತ್ತಾರೆ.

“ಮೊದ್ಲು ಇಂಟರ್ನೆಟ್ ವೈರು ಕಿತ್ತಾಕು, ಆಮೇಲೆ ಆನ್ ಮಾಡು.”

“ವೈರು ಕಿತ್ರೆ ನಿನಗೆ ಫೋಟೋ ಹೆಂಗೆ ಬರುತ್ತೆ?”

“ಬರೋದು ಬೇಡ. ಅಲ್ಲೇ ಇರ್ಲಿ.”

“ನನ್ ಹತ್ರ ಇದ್ರೆ ನನ್ನನ್ಯಾಕೆ ಬೈತಿದೀಯ?”

“ನಾನು ಅಳಿಸಿದ್ದು ಅದಕ್ಕಿನ್ನೂ ಗೊತ್ತಿಲ್ಲ ಮಾರಾಯ. ಗೊತ್ತಾದ್ರೆ ಅದೂ ಅಳಿಸುತ್ತೆ.”

“ಪೆನ್ಕಾ, ಬೆಳಗ್ಗೆನೇ ರಾಕಿಯಾ ಕುಡಿದ್ಬಿಟ್ಟಿದೀಯಾ?”

ಕಡೆಗೆ ಮೆತೋದಿ ಯಾವ ವೈರು ಯಾವುದೆಂದು ತಿಳಿಯದೆ ಎಲ್ಲವನ್ನೂ ಕೀಳುತ್ತಾನೆ. ಈಗ ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದು ದೂರುತ್ತಾನೆ. ಪೆನ್ಕಾ ಏನನ್ನೂ ಮುಟ್ಟಬೇಡ ಎಂದು ಫೋನ್ ಇಡುತ್ತಾರೆ.

ಮರುದಿನದ ಮೊದಲ ಬಸ್ಸಿನಿಂದ ಮೆತೋದಿ ಊರುಗೋಲು ಹಿಡಿದು ಇಳಿಯುತ್ತಾನೆ. ಹಿಂದೆ ಚಾಲಕ, ಅವನ ತೋಳಿನಲ್ಲಿ ಕಂಬಳಿ ಸುತ್ತಿದ ಕಂಪ್ಯೂಟರ್. ಒಳಗೇನಿದೆ ಎಂದು ಅವನು ಕೇಳಿದ್ದಕ್ಕೆ ಮೆತೋದಿ ಗಾನ್ಚೊ ಇದ್ದಾನೆ ಎಂದನಂತೆ. ಈ ಬಸ್ಸಿನ ಎಂಜಿನ್ ಬಿಚ್ಚಿ ಜೋಡಿಸಿದವನೇ ಗಾನ್ಚೊ. ಚಾಲಕ ಕಂಬಳಿಯ ಗಂಟನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಳ್ಳಕೊಳ್ಳ ತಪ್ಪಿಸಿ ನಿಧಾನವಾಗಿ ಬಂದಿದ್ದಾನೆ.

ಪೆನ್ಕಾ ಮನೆಯ ಇಂಟರ್ನೆಟ್ ಪೆಟ್ಟಿಗೆಯನ್ನೇ ಕಿತ್ತು ಸ್ನಾನದ ಮನೆಯಲ್ಲಿಟ್ಟು ಬಾಗಿಲು ಹಾಕುತ್ತಾರೆ. ಕಂಪ್ಯೂಟರ್ ಗೊರಗೊರ ಎನ್ನುತ್ತದೆ. ಮುಖಗಳು ಒಂದೊಂದಾಗಿ ಮೂಡುತ್ತವೆ. ಗಾನ್ಚೊ ಕಲ್ಲಂಗಡಿಯ ಹೋಳು ಹಿಡಿದು, ಇನ್ನೇನು ಮುಖ ತಿರುಗಿಸಬೇಕು ಅನ್ನುವಷ್ಟರಲ್ಲಿ ಸಿಕ್ಕಿಬಿದ್ದವನಂತೆ ನೋಡುತ್ತಿದ್ದಾನೆ. ಪೆನ್ಕಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ಮೆತೋದಿ ಫೋಟೋವನ್ನು ಒಂದು ಪೆನ್‌ಡ್ರೈವ್‌ಗೆ ಹಾಕುತ್ತಾನೆ, ನಂಬಿಕೆ ಬಾರದೆ ಇನ್ನೊಂದಕ್ಕೂ, ಪೆನ್ಕಾ ಕಂಪ್ಯೂಟರಿಗೂ ಹಾಕುತ್ತಾನೆ.

“ಹಂಗಾದ್ರೆ ನಮ್ದು ಒಂದೇ ಬೀರು. ಬಾಗಿಲು ಎರಡು ಊರಲ್ಲಿ,” ಎಂದು ಪೆನ್ಕಾ ಕಣ್ಣೊರೆಸಿಕೊಳ್ಳುತ್ತಾರೆ. ಮೆತೋದಿ ತನಗೆ ಇದು ಮೊದಲೇ ಗೊತ್ತಿತ್ತು ಎನ್ನುತ್ತಾನೆ. ಯಾರೂ ನಂಬುವುದಿಲ್ಲ.

ಶನಿವಾರ ಸ್ಮಶಾನದ ತುಂಬ ಜನ, ಬೇಯಿಸಿದ ಸಿಹಿ ಗೋಧಿಯ ತಟ್ಟೆಗಳು. ಡೋಬ್ರಿನಾ ಕಲ್ಲಿನ ಬುಡಕ್ಕೆ ವೈನ್ ಸುರಿದು, ಪಿಂಗಾಣಿಯ ಮೇಲಿನ ಗಂಡನ ಕೆನ್ನೆಯನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ. ಪೆನ್ಕಾಗೆ ತಡೆಯಲಾಗುವುದಿಲ್ಲ. ಅಳಿಸಿದ್ದನ್ನು, ಸುಮ್ಮನಿದ್ದದ್ದನ್ನು, ಬಸ್ಸಿನಲ್ಲಿ ಬಂದ ಕಂಪ್ಯೂಟರನ್ನು ಎಲ್ಲ ಹೇಳಿಬಿಡುತ್ತಾರೆ. ಡೋಬ್ರಿನಾಗೆ ಬೀರು, ಮೋಡ, ವೈರು ಒಂದೂ ತಲೆಗೆ ಹೋಗುವುದಿಲ್ಲ.

“ಈಗ ನಿನ್ನ ಮಷೀನಲ್ಲಿ ಇದಾನಾ?”

“ಇದಾನೆ.”

“ಮತ್ತೆ ಯಾವಾಗ ಅಳಿಸ್ತೀಯ?”

“ನೀನು ಹೇಳಿದ ದಿನ.”

ಡೋಬ್ರಿನಾ ಗೋಧಿಯ ತಟ್ಟೆಯನ್ನು ಪೆನ್ಕಾ ಕೈಗಿಡುತ್ತಾರೆ. “ನಾನು ಹೇಳೋದಿಲ್ಲ,” ಎನ್ನುತ್ತಾರೆ.