‘ಹಾಳುಬಾವಿ’ಯ ದನಿಗೆ ಟಿಕೆಟ್ ಕೊಟ್ಟವರು

ಗಡಿಯಾಚೆ, ತೆಲಂಗಾಣದ ನಾರಾಯಣಪೇಟೆ ಡಿಪೋದ ಕಂಡಕ್ಟರ್ ಬಸವಪ್ರಸಾದರು ಹಾಡುಗಾರರಲ್ಲ. ಯಾವ ವಾದ್ಯವನ್ನೂ ಕೈಯಲ್ಲಿ ಹಿಡಿದವರಲ್ಲ. ಉಟ್ಕೂರಿನ ಒಕ್ಕಲು ಮನೆತನದವರು, ಮಾತು ಕಡಿಮೆ. ಬಸ್ಸಿನಲ್ಲಿ ಸೀಟಿಗಾಗಿ ಜಗಳವಾದರೆ ಬೈಯುತ್ತಿರಲಿಲ್ಲ. ಜಗಳವಾಡುವ ಇಬ್ಬರ ನಡುವೆ ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದರು, ಅಷ್ಟಕ್ಕೇ ಅದು ತಣ್ಣಗಾಗುತ್ತಿತ್ತು. ಮಕ್ತಲ್‌ನಿಂದ ರಾಯಚೂರಿಗೆ ಅವರ ಬಸ್ಸಿನಲ್ಲಿ ಹನ್ನೆರಡು ವರ್ಷ ಓಡಾಡಿದವನು ನಾನು. ಅವರು ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದರು ಎಂಬುದು ಎಲ್ಲ ಮುಗಿದ ಮೇಲೆ, ಅವರೇ ಹೇಳಿದಾಗ ತಿಳಿಯಿತು.

೧೯೮೮ರಲ್ಲಿ ಅವರು ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದರು. ಆ ಡಿಸೆಂಬರ್‌ನಲ್ಲಿ ಗೆಳೆಯನೊಬ್ಬ ಒಂದು ಸಭಾಂಗಣಕ್ಕೆ ಎಳೆದುಕೊಂಡು ಹೋದ. ನಾಲ್ಕು ಜನರ ತಂಡ, ಹೆಸರು ‘ಹಾಳುಬಾವಿ’. ಎಲ್ಲರದೂ ಕಪ್ಪು ಬಟ್ಟೆ. ಗಿಟಾರು ತಂತಿಬೇಲಿಗೆ ಕಬ್ಬಿಣ ಉಜ್ಜಿದಂತೆ ಕಿರುಗುಡುತ್ತಿತ್ತು. ಡ್ರಮ್ಮು ಮಾತ್ರ ಅವಸರವಿಲ್ಲದೆ, ಎದೆ ಬಡಿತದ ಹಾಗೆ. ಹಾಡುತ್ತಿದ್ದವಳು ಶ್ರೀವಲ್ಲಿ ಎಂಬ ಹುಡುಗಿ. ಡ್ರಮ್ಮಿನವನು ಅವಳ ತಮ್ಮ ಸಂಕರ್ಷಣ. ಮಕ್ತಲ್ ಕಡೆಯ ಅರ್ಚಕರ ಮಕ್ಕಳು. ಸಿನಿಮಾದ ಹೆಣ್ಣುದನಿಗಳನ್ನಷ್ಟೇ ಕೇಳಿದ್ದ ಬಸವಪ್ರಸಾದರಿಗೆ ಆ ದನಿ ದಿಗಿಲು ಹುಟ್ಟಿಸಿತು. ಅಷ್ಟು ತಗ್ಗಿನ, ಅಷ್ಟು ಭಾರದ ದನಿ. ‘ಕೂಗಬೇಡ ಕೆಳಗೆ ಬಾಗಿ, ಉತ್ತರ ಬಂದೀತು’ ಎಂದು ಅವಳು ಹಾಡುತ್ತಿರುವಾಗಲೇ ಕರೆಂಟು ಹೋಯಿತು. ಗಿಟಾರು ನಿಂತಿತು. ಅವಳು ನಿಲ್ಲಿಸಲಿಲ್ಲ. ಕತ್ತಲಲ್ಲಿ ಬರೀ ಡ್ರಮ್ಮು ಮತ್ತು ಆ ದನಿ, ಹಾಡು ಮುಗಿಯುವ ತನಕ. ಅರ್ಧ ಜನ ‘ದೆವ್ವದ ಬ್ಯಾಂಡು’ ಎಂದು ನಗುತ್ತ ಎದ್ದುಹೋದರು. ಬಸವಪ್ರಸಾದರ ಅವ್ವ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಸತ್ತ ಮನೆಗೆ ಬಂದವರೆಲ್ಲ ಸಮಾಧಾನ ಮಾಡಿಕೋ ಎಂದಿದ್ದರು. ಇವಳೊಬ್ಬಳೇ ಸಮಾಧಾನದ ಮಾತೆತ್ತದೆ ಪಕ್ಕದಲ್ಲಿ ಕುಳಿತಂತೆ ಅವರಿಗೆ ಅನಿಸಿತು.

‘ಹಾಳುಬಾವಿ’ ಬಾಳಿದ್ದು ಹನ್ನೊಂದು ತಿಂಗಳು. ಒಂಬತ್ತು ಕಾರ್ಯಕ್ರಮ, ಆರು ಹಾಡಿನ ಒಂದು ಕ್ಯಾಸೆಟ್. ಆಮೇಲೆ ತಂಡದ ಸುದ್ದಿಯೇ ಇಲ್ಲ. ಬಸವಪ್ರಸಾದರು ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟುಕೊಂಡರು. ನೌಕರಿ ಸಿಕ್ಕಿತು, ವೀರಬಸಮ್ಮನವರೊಂದಿಗೆ ಮದುವೆಯಾಯಿತು, ಮಗಳು ಭಾಗ್ಯಜ್ಯೋತಿ ಹುಟ್ಟಿದಳು.

೧೯೯೮ರಲ್ಲಿ ಅವರನ್ನು ರಾಯಚೂರು ಮಾರ್ಗಕ್ಕೆ ಹಾಕಿದರು. ಮೊದಲ ವಾರವೇ ಮಕ್ತಲ್‌ನಲ್ಲಿ ಹತ್ತಿದ ಒಬ್ಬ ಹೆಂಗಸು, ಮುಖ ಎತ್ತದೆ, "ಕೃಷ್ಣಾಕ್ಕ ಒಂದು ಕೊಡ್ರಿ" ಎಂದರು. ಬಸವಪ್ರಸಾದರು ತಿರುಗಿ ನೋಡಿದರು, ಅದು ಶ್ರೀವಲ್ಲಿಯ ದನಿ. ಹತ್ತು ವರ್ಷವಾದರೂ ದನಿ ತಪ್ಪುವಂಥದಲ್ಲ. ಕೃಷ್ಣಾ ಎಂಬ ಊರಿನ ಕನ್ನಡ ಶಾಲೆಯ ಟೀಚರು ಅವರು. ಎಲ್ಲರೂ ‘ಟೀಚರಮ್ಮ’ ಎನ್ನುತ್ತಿದ್ದರು. ಕೈಯಲ್ಲಿ ತಿದ್ದಬೇಕಾದ ನೋಟ್‌ಬುಕ್ಕುಗಳು, ಡ್ರೈವರನ ಹಿಂದಿನ ಸೀಟು. ಇವರು ಟಿಕೆಟ್ ಹರಿದುಕೊಟ್ಟು ಮುಂದೆ ಹೋದರು.

ಅವತ್ತು ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. "ಆ ಅಮ್ಮ ತಾನಾಗೇ ಹೇಳಿದ್ರ ಬ್ಯಾರೆ ಮಾತು. ಮುಚ್ಚಿಟ್ಟದ್ದನ್ನ ನಾ ಯಾಕ ತೆಗೀಲಿ?" ಎಂದು ನನ್ನೊಂದಿಗೆ ಹೇಳಿದರು. ಹೀಗೆ ಹದಿನಾರು ವರ್ಷ ಆ ದನಿಗೆ ಟಿಕೆಟ್ ಕೊಟ್ಟರು.

೨೦೧೧ರಲ್ಲಿ ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ನಡೆಯಿತು. ಬಸ್ಸು ನಿಂತವು, ಶಾಲೆ ಮುಚ್ಚಿದವು. ಬಸವಪ್ರಸಾದರು ಬೆಳಿಗ್ಗೆ ಮುಷ್ಕರದ ಟೆಂಟಿನಲ್ಲಿ ಕುಳಿತು ಮಧ್ಯಾಹ್ನ ಮನೆಗೆ ಬರುತ್ತಿದ್ದರು. ದಿನವೂ ಕಾಣುತ್ತಿದ್ದ ಮುಖ ಕಾಣದೆ, ದಿನವೂ ಕೇಳುತ್ತಿದ್ದ ಎರಡು ಮಾತು ಕೇಳದೆ ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಟ್ರಂಕು ತೆರೆದು ಕ್ಯಾಸೆಟ್ ಹಾಕಿದರು. ಕಾಲೇಜು ಓದುತ್ತಿದ್ದ ಭಾಗ್ಯಜ್ಯೋತಿ ಒಳಗಿನಿಂದ ಓಡಿಬಂದಳು.

"ಅಪ್ಪಾ, ಯಾರದಿದು? ಇಂಥಾದ್ದು ಕನ್ನಡದಾಗ ಐತೇನು?"

"ಇತ್ತವ್ವ. ಹನ್ನೊಂದು ತಿಂಗಳು."

ಅವಳು ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ಹಾಡಿನ ಮೊದಲು ಬರುತ್ತಿದ್ದ ಗೊರಗೊರ ಸದ್ದನ್ನು ಕತ್ತರಿಸಿ, ಚೊಕ್ಕ ಮಾಡಿ, ಅಂತರ್ಜಾಲಕ್ಕೆ ಹಾಕಿದಳು. ನಾಲ್ಕು ಜನ ಕೇಳಿದರೆ ಸಾಕು ಎಂದುಕೊಂಡಿದ್ದಳು. ರಾಯಚೂರಿನವರು ಬರೆದರು, ಕಲಬುರಗಿಯವರು ಬರೆದರು, ಮಸ್ಕತ್‌ನಿಂದೊಬ್ಬರು ಬರೆದರು. ‘ಆ ಕತ್ತಲ ದಿನ ನಾನೂ ಅಲ್ಲಿದ್ದೆ’ ಎಂದು ಬರೆದವರ ಸಂಖ್ಯೆ ಸಭಾಂಗಣದಲ್ಲಿದ್ದ ಕುರ್ಚಿಗಳನ್ನು ಮೀರಿತು. ಒಂದು ಗುಂಪಾಯಿತು. ಅದರ ಮುಂದಾಳು ಗದ್ವಾಲದ ಎಂಕಪ್ಪ. ಮೋಟಾರ್ ವೈಂಡಿಂಗ್ ಅಂಗಡಿಯವನು, ಒಂಬತ್ತರಲ್ಲಿ ಐದು ಕಾರ್ಯಕ್ರಮ ನೋಡಿದವನು, ಹಳೆಯದನ್ನು ನೆನೆದರೆ ಕಣ್ಣಲ್ಲಿ ನೀರು ತರುವವನು.

ನೆನಪು ಕೂಡಿಸುತ್ತ ಹೋದವರಿಗೆ ಒಂದು ಪ್ರಶ್ನೆ ಎದುರಾಯಿತು: ತಂಡ ಒಡೆದದ್ದೇಕೆ? ಅದಕ್ಕೊಂದು ಕತೆ ಹುಟ್ಟಿತು. ತಂದೆ ಸಂಪ್ರದಾಯಸ್ಥ, ಕ್ಯಾಸೆಟ್ ಕೇಳಿ ಸಿಡಿದೆದ್ದ, ಮಗಳನ್ನು ಕೋಣೆಯಲ್ಲಿ ಕೂಡಿಹಾಕಿದ, ಮಗ ಮನೆ ಬಿಟ್ಟು ಓಡಿಹೋದ. ಯಾರು ಮೊದಲು ಬರೆದರೋ ಗೊತ್ತಿಲ್ಲ. ಎರಡು ವರ್ಷದಲ್ಲಿ ಎಲ್ಲರೂ ಕಣ್ಣಾರೆ ಕಂಡವರಂತೆ ಹೇಳತೊಡಗಿದರು. ಬಸವಪ್ರಸಾದರಿಗೆ ನಿಜ ಗೊತ್ತಿರಲಿಲ್ಲ. ಇದು ನಿಜವಲ್ಲವೇನೋ ಎಂಬ ಅನುಮಾನ ಮಾತ್ರ ಇತ್ತು, ಏಕೆಂದರೆ ಟೀಚರಮ್ಮ ಭಾನುವಾರಗಳಲ್ಲಿ ಮುದಿ ತಂದೆಯ ಕೈಹಿಡಿದು ರಾಯಚೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದದ್ದನ್ನು ಅವರು ನೋಡಿದ್ದರು. ಆದರೂ ಬಾಯಿ ಬಿಡಲಿಲ್ಲ.

೨೦೧೪ರ ಜೂನ್. ರಾಜ್ಯ ಬಂದ ಸಂಭ್ರಮ, ಡಿಪೋದಲ್ಲಿ ಗುಲಾಲು ಎರಚಾಡಿದ್ದರು. ರಜೆ ಮುಗಿದು ಶಾಲೆ ತೆರೆದ ವಾರವೇ ಎಂಕಪ್ಪ ಬರೆದ: ‘ಹೊಸ ರಾಜ್ಯದಲ್ಲಿ ಹಾಳುಬಾವಿ ಮತ್ತೆ ಹಾಡಬೇಕು. ಅವಳ ಬಾಯಿ ಕಟ್ಟಿದ ತಂದೆ ರಾಮಚಂದ್ರಾಚಾರ್ಯ ಮಕ್ತಲ್‌ನಲ್ಲೇ ಇದ್ದಾನಂತೆ. ತಿಂಗಳ ಕೊನೆಗೆ ಎಲ್ಲ ಕೂಡೋಣ, ಹೋಗಿ ಕೇಳೋಣ.’ ಕೆಳಗೆ ಬೈಗುಳದ ಸಾಲು. ಮಗಳು ಓದಿ ಹೇಳಿದಾಗ ಬಸವಪ್ರಸಾದರು ಊಟದ ತಟ್ಟೆ ಬಿಟ್ಟು ಎದ್ದರು. ಆ ಹಾಡಿನವಳು ತಮ್ಮ ಬಸ್ಸಿನ ಟೀಚರಮ್ಮನೇ ಎಂಬುದನ್ನು ಹೆಂಡತಿಗೆ ಆಗ ಮೊದಲ ಸಲ ಹೇಳಿದರು.

ವೀರಬಸಮ್ಮ ಪೂರ್ತಿ ಕೇಳಿಕೊಂಡರು. "ಹಾಡು ಹೊರಗ ಹಾಕಿದ್ದು ನಮ್ಮ ಮನೀಲಿಂದ. ಆ ಹಿರಿಯರಿಗೆ ಅಂದದ್ದೂ ನಮ್ಮ ಮನೀಲಿಂದನ ಹೋದಂಗ ಆತು. ನಾಳೆ ಆಕೀಗೆ ಹೇಳ್ರಿ" ಎಂದರು.

ಮರುದಿನ ಬಸ್ಸು ಮಾಗನೂರು ದಾಟಿ ಸ್ವಲ್ಪ ಖಾಲಿಯಾದ ಮೇಲೆ ಬಸವಪ್ರಸಾದರು ಡ್ರೈವರನ ಹಿಂದಿನ ಸೀಟಿನ ಹತ್ತಿರ ಬಂದು ಕಂಬಿ ಹಿಡಿದು ನಿಂತರು.

"ಟೀಚರಮ್ಮಾರೆ, ಒಂದು ತಪ್ಪಾಗೈತ್ರಿ. ನಿಮ್ಮ ಹಾಡು ಹೊರಗ ಬಿಟ್ಟವ್ರು ನಾವು."

ಅವರು ನೋಟ್‌ಬುಕ್ಕು ಮುಚ್ಚಿದರು. ಮುಖದಲ್ಲಿ ಅಚ್ಚರಿ ಕಾಣಲಿಲ್ಲ. "ನಿನ್ನೆ ಗುಡಿಯೊಳಗ ಯಾರೋ ಅಪ್ಪಗ ಕೇಳ್ಯಾರ, ‘ಮಗಳ್ನ ಕೂಡಿಹಾಕಿದ್ರಂತಲ್ಲ’ ಅಂತ. ಅಪ್ಪಗ ಏನೂ ತಿಳೀಲಿಲ್ಲ. ಮನಿಗೆ ಬಂದು ನನ್ನನ್ನೇ ಕೇಳಿದ್ರು, ‘ನಾನು ಹಂಗ ಮಾಡಿದ್ದೆನೇನವಾ?’ ಅಂತ. ಎಂಬತ್ತು ವರ್ಷ ಆಗ್ಯಾವ, ತಮ್ಮ ನೆನಪಿನ ಮ್ಯಾಲೇ ಅವರಿಗೆ ಸಂಶಯ."

ಟೀಚರಮ್ಮನೇ ಮುಂದುವರಿದು ಕೇಳಿದರು: "ಹಾಡಿದಾಕಿ ನಾನು ಅಂತ ನಿಮಗ ಯಾವಾಗಿಂದ ಗೊತ್ತದ?"

"ಹದಿನಾರು ವರ್ಷ ಆತ್ರಿ."

ಕೃಷ್ಣಾ ಬರುವ ತನಕ ಟೀಚರಮ್ಮ ನಡೆದದ್ದನ್ನು ಹೇಳಿದರು. ತಂದೆ ಬೈದವರೇ ಅಲ್ಲ. ಗುಡಿಯ ಹಿಂದಿನ ಸಾಮಾನು ಕೋಣೆಯನ್ನು ಅಭ್ಯಾಸಕ್ಕೆ ಬಿಟ್ಟುಕೊಟ್ಟು, "ದೇವರಿಗೆ ಕಿವಿ ಚಲೋ ಕೇಳಸ್ತಾವ, ಬಾಗಿಲಾ ಹಾಕ್ಕೊಂಡು ಬಾರಸ್ರಿ" ಎಂದಿದ್ದರು. ಹನ್ನೊಂದನೇ ತಿಂಗಳಲ್ಲಿ ಸಂಕರ್ಷಣನಿಗೆ ಜ್ವರ ಬಂತು. ಒಂಬತ್ತು ದಿನ. ಹತ್ತನೆಯ ದಿನ ಅವನಿಲ್ಲ.

"ನಾವು ಸಾವಿನ ಮ್ಯಾಲೆ ಹಾಡು ಕಟ್ಟತಿದ್ವಿ. ಸಾವು ಅಂದ್ರ ಏನಂತ ನಮಗ ಗೊತ್ತಿದ್ದಿಲ್ಲ. ಅದು ಮನಿಗೆ ಬಂದ ಮ್ಯಾಲೆ ಆ ಹಾಡು ಬಾಯಾಗ ಬರಲಿಲ್ಲ. ಅಷ್ಟ. ಯಾರೂ ನನ್ನ ಬಾಯಿ ಕಟ್ಟಲಿಲ್ಲ."

"ಗೊತ್ತಿದ್ದಿಲ್ಲ ಅನಬ್ಯಾಡ್ರಿ" ಎಂದರು ಬಸವಪ್ರಸಾದರು. "ನಮ್ಮವ್ವ ಹೋದಾಗ ನನಗ ಆಸರ ಆದದ್ದು ಅದ ಹಾಡು."

ಇಳಿಯುವಾಗ ಟೀಚರಮ್ಮ ಕೇಳಿದರು: "ಆ ಗುಂಪಿನವರೆಲ್ಲ ಯಾವಾಗ ಕೂಡ್ತಾರ?"

ಜೂನ್ ಕೊನೆಯ ಭಾನುವಾರ, ಗದ್ವಾಲದಲ್ಲಿ, ಎಂಕಪ್ಪನ ಅಂಗಡಿಯ ಮೇಲಿನ ಕೋಣೆಯಲ್ಲಿ. ಗುಂಪಿನಲ್ಲಿ ನಾನೂರು ಜನರಿದ್ದರು, ಬಂದದ್ದು ಹನ್ನೊಂದು. ಎಲ್ಲರಿಗೂ ತಲೆ ನರೆತಿತ್ತು, ಇಬ್ಬರು ಕಪ್ಪು ಅಂಗಿ ಹಾಕಿಕೊಂಡು ಬಂದಿದ್ದರು. ಬಸವಪ್ರಸಾದರ ಹಿಂದೆ ನಾರಾಯಣಪೇಟೆ ಸೀರೆಯುಟ್ಟ, ಕನ್ನಡಕದ ಹೆಂಗಸು ಒಳಗೆ ಬಂದಾಗ ಯಾರಿಗೂ ಗುರುತು ಸಿಗಲಿಲ್ಲ. ಅವರು, "ನಾನು ಶ್ರೀವಲ್ಲಿ ಇದ್ದೀನ್ರಿ" ಎಂದರು. ದನಿ ಅದೇ.

ಬಸ್ಸಿನಲ್ಲಿ ಹೇಳಿದ್ದನ್ನೇ ಅಲ್ಲಿಯೂ ಹೇಳಿದರು, ಹೆಚ್ಚಿಲ್ಲ ಕಡಿಮೆಯಿಲ್ಲ. ಎಂಕಪ್ಪ ಕೈಮುಗಿದು, "ಅಕ್ಕಾರೆ, ಆ ಹಿರಿಯರ ಕಾಲಿಗೆ ಬೀಳ್ತೀನ್ರಿ ನಾನು" ಎಂದ.

"ಬೀಳಬ್ಯಾಡ್ರಿ. ಬರದದ್ದು ಅಳಸ್ರಿ."

ಯಾರೋ ಅಂಜುತ್ತಲೇ ಒಂದು ಹಾಡು ಕೇಳಿದರು. ಅವರು ಇಲ್ಲವೆಂದು ತಲೆಯಾಡಿಸಿದರು. "ಹಾಡಾಂಗಿಲ್ಲ. ಕೇಳ್ತೀನಿ, ಹಚ್ಚ್ರಿ. ಇಪ್ಪತ್ತೈದು ವರ್ಷದಾಗ ನಾ ಕ್ಯಾಸೆಟ್ಟು ಕೇಳಿಲ್ಲ. ನಮ್ಮ ಮನ್ಯಾಗ ಒಂದೂ ಉಳಿದಿಲ್ಲ."

ಬಸವಪ್ರಸಾದರು ತಂದಿದ್ದ ಕ್ಯಾಸೆಟ್ಟನ್ನು ಎಂಕಪ್ಪ ತನ್ನ ಹಳೆಯ ಟೇಪಿಗೆ ಹಾಕಿದ. ಗೊರಗೊರ ಸದ್ದು. ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಒಬ್ಬ ಹುಡುಗನ ದನಿ: "ಅಕ್ಕಾ, ಹೂಂ? ಒಂದ್, ಎರಡ್, ಮೂರ್." ಡ್ರಮ್ಮು ಶುರುವಾಯಿತು.

ಭಾಗ್ಯಜ್ಯೋತಿ ಕಸವೆಂದು ಕತ್ತರಿಸಿದ್ದು ಇದನ್ನೇ. ಬಸವಪ್ರಸಾದರೂ ನೂರು ಸಲ ಕೇಳಿದ್ದರು, ಅದು ಯಾರ ದನಿಯೆಂದು ಯೋಚಿಸಿರಲಿಲ್ಲ.

ಶ್ರೀವಲ್ಲಿಯವರು ಕೈ ಮೇಲೆತ್ತಿದರು. ಎಂಕಪ್ಪ ಟೇಪು ನಿಲ್ಲಿಸಿದ. "ಹಿಂದಕ್ಕ ತಿರುಗಸ್ರಿ" ಎಂದರು. ಮತ್ತೆ ಕೇಳಿದರು. ಮತ್ತೊಮ್ಮೆ. ನಾಲ್ಕನೆಯ ಸಲ ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡರು. ಹಾಡನ್ನು ಯಾರೂ ಕೇಳಲಿಲ್ಲ. ತಮ್ಮ ಯೌವನವನ್ನು ಕೇಳಲು ದೂರದೂರಿಂದ ಬಂದಿದ್ದವರು ಒಬ್ಬ ಸತ್ತ ಹುಡುಗ ಮೂರರವರೆಗೆ ಎಣಿಸುವುದನ್ನು ಕೇಳಿ ತಲೆ ತಗ್ಗಿಸಿ ಕುಳಿತರು.

ಕ್ಯಾಸೆಟ್ಟನ್ನು ಬಸವಪ್ರಸಾದರು ಅವರ ಕೈಗೇ ಕೊಟ್ಟರು. ಎಂಕಪ್ಪ ಟೇಪನ್ನೂ ಕಟ್ಟಿಕೊಟ್ಟ. ಅವರ ತಂದೆ ಆಚಾರ್ಯರು ಕಿವಿಗೆ ಕೈ ಹಚ್ಚಿಕೊಂಡು ಕೇಳಿದರಂತೆ. ಮರುದಿನ ಪೂಜೆ ಮುಗಿಸಿ ಬಂದವರು ತಾವಾಗಿಯೇ ಟೇಪಿನ ಮುಂದೆ ಕುಳಿತು, "ಹಚ್ಚವಾ" ಎಂದರಂತೆ. ಎರಡು ವರ್ಷ, ತೀರಿಕೊಳ್ಳುವವರೆಗೂ, ಅದು ನಡೆಯಿತು.

ಎಂಕಪ್ಪ ಬರೆದದ್ದನ್ನೆಲ್ಲ ಅಳಿಸಿ ನಿಜವನ್ನು ಬರೆದ. ಕೆಲವರಿಗೆ ಅದು ರುಚಿಸಲಿಲ್ಲ. ಕೂಡಿಹಾಕಿದ ಹುಡುಗಿಯ ಕತೆ ಜ್ವರದ ಕತೆಗಿಂತ ಅವರಿಗೆ ಹಿಡಿಸಿತ್ತು, ಗುಂಪು ಬಿಟ್ಟುಹೋದರು. ಹೋಗಲಿ ಬಿಡಿ ಎಂದರು ಬಸವಪ್ರಸಾದರು.

ಆ ವರ್ಷದ ಶ್ರಾವಣದಲ್ಲಿ ವೀರಬಸಮ್ಮ ಗಂಡನಿಗೆ, "ಅಷ್ಟು ವರ್ಷ ಆ ಅಮ್ಮನ ದನಿ ನನ್ನ ಮನ್ಯಾಗ ಇತ್ತು. ಒಮ್ಮೆ ಆಕೀನೂ ಬರಲಿ, ಕರೀರಿ" ಎಂದರು. ಮಡಿ ಮನೆತನದವರು ತಮ್ಮಲ್ಲಿ ಉಂಡಾರೋ ಇಲ್ಲವೋ ಎಂದು ಹಾಲು ಹಣ್ಣು ತೆಗೆದಿರಿಸಿದ್ದರು. ಶ್ರೀವಲ್ಲಿಯವರು ಕಾಲು ತೊಳೆದು ನೇರ ಅಡಿಗೆಮನೆಗೆ ಹೋಗಿ, "ರೊಟ್ಟಿ ಬಿಸಿ ಇದ್ದಾವೇನ್ರಿ?" ಎಂದರು. ಇಬ್ಬರೂ ಒಲೆಯ ಮುಂದೆ ಕುಳಿತು ಶೇಂಗಾ ಚಟ್ನಿಯ ಖಾರ, ಭಾಗ್ಯಜ್ಯೋತಿಗೆ ನೋಡಿದ ವರ, ಮಂಡಿನೋವು ಎಂದು ಹರಟುತ್ತ ಬಹಳ ಹೊತ್ತು ಕಳೆದರು. ಬಸವಪ್ರಸಾದರು ಪಡಸಾಲೆಯಲ್ಲಿ ಒಬ್ಬರೇ ಕುಳಿತು ಒಳಗಿನ ಮಾತು ಕೇಳುತ್ತಿದ್ದರು. ಹಾಡಿನ ಸುದ್ದಿ ಒಮ್ಮೆಯೂ ಬರಲಿಲ್ಲ.