ಬಾನೆಟ್ಟಿನ ಮೇಲಿನ ಸ್ವಸ್ತಿಕ

ತಂಗಿಗೆ ಡ್ರೈವಿಂಗ್ ಕಲಿಸಿದ್ದು ನಾನು, ನನ್ನ ಹಳೆಯ ನೀಲಿ ಕಾರಿನಲ್ಲಿ. ಅವಳ ಮದುವೆ ಹುಮನಾಬಾದಿನಲ್ಲಿ, ಗಂಡಿನ ಮನೆಯವರ ಊರಲ್ಲಿ ಎಂದು ಗೊತ್ತಾದ ದಿನವೇ ಹೇಳಿಬಿಟ್ಟಳು: "ಅಕ್ಕಾ, ಬಸವಕಲ್ಯಾಣದಿಂದ ನಾ ನಿನ್ ಗಾಡ್ಯಾಗ ಬರಾಕಿ. ನೀನೇ ಹೊಡೀಬೇಕು." ನನಗೂ ಅದೇ ಆಸೆ. ಅಡ್ಡ ಬಂದವರು ಅಪ್ಪನ ತಮ್ಮ, ನಮ್ಮ ಕಾಕಾ. ಅವರಿಗೆ ಉದ್ದನೆಯ ಬಿಳಿ ಬಾಡಿಗೆ ಕಾರು ಬೇಕಿತ್ತು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ದಸರೆಯ ಗಾಡಿ ಪೂಜೆಯಲ್ಲಿ ಅವ್ವ ಎಣ್ಣೆಯಲ್ಲಿ ಕಲಸಿದ ಅರಿಶಿನ-ಕುಂಕುಮದಿಂದ ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆಯುತ್ತಾಳೆ. ಒರೆಸಿದರೆ ಪಾಪವಂತೆ, ತಾನಾಗಿ ಹೋಗಬೇಕಂತೆ. ಅದು ಹೋಗಲೇ ಇಲ್ಲ. ಬಿಸಿಲಿಗೆ ಬೆಂದು ಬಣ್ಣದೊಳಗೆ ಇಳಿದು ಮಾಸಲು ಕಲೆಯಾಗಿ ಕೂತಿತ್ತು.

"ನಾಳಿ ಮುಂಜಾನಿ ತನಕ ಟೈಮ್ ಕೊಡ್ತೀನಿ," ಎಂದರು ಕಾಕಾ, ಮದುವೆಯ ಹಿಂದಿನ ದಿನ. "ಆ ಕಲಿ ಹೋಗ್ಲಿಲ್ಲಂದ್ರ ಬಾಡಿಗಿ ಗಾಡಿ. ಆಮ್ಯಾಲ ಅಳಬ್ಯಾಡ."

ನನಗೆ ಅಳುವ ಅಭ್ಯಾಸ ಕಡಿಮೆ, ಹಟದ ಅಭ್ಯಾಸ ಹೆಚ್ಚು. ಮದುವೆಯ ನೆಪದಲ್ಲಿ ಅವ್ವನೂ ಪಾಪದ ಮಾತು ಬಿಟ್ಟಳು. ಕಾರನ್ನು ಬೇವಿನ ನೆರಳಿಗೆ ತಂದೆ. ಕಾದ ತಗಡಿನ ಮೇಲೆ ಈ ಕೆಲಸ ಆಗುವುದಿಲ್ಲ. ಶಾಂಪೂ ಹಾಕಿ ತೊಳೆದು, ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಬಾನೆಟ್ ಸವರಿದೆ. ಕಣ್ಣಿಗೆ ಕಾಣದ್ದು ಚೀಲದೊಳಗಿನ ಬೆರಳಿಗೆ ತಿಳಿಯುತ್ತದೆ. ಹೆದ್ದಾರಿಯ ಡಾಂಬರು, ದೂಳು ಎಲ್ಲ ರವೆಯ ಹಾಗೆ ಅಂಟಿತ್ತು. ಅದನ್ನು ಎತ್ತಲೆಂದೇ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ ಸಿಗುತ್ತದೆ. ಸೋಪಿನ ನೀರು ಚಿಮುಕಿಸಿ ಹಗುರವಾಗಿ ಉಜ್ಜಬೇಕು, ಕೊಳೆಯಾದ ಮೈಯನ್ನು ಒಳಕ್ಕೆ ಮಡಚಿ ಮತ್ತೆ ನಾದಬೇಕು. ರೊಟ್ಟಿ ಬಡಿದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಒಮ್ಮೆ ಉಂಡೆ ನೆಲಕ್ಕೆ ಬಿತ್ತು. ಅವ್ವ ಎತ್ತಿ, ಮಣ್ಣು ಝಾಡಿಸಿ, "ತಗೋ" ಎಂದು ಕೊಟ್ಟಳು. ಚೀರಿಬಿಟ್ಟೆ! ಒಂದು ಮರಳಿನ ಕಣ ಸಾಕು, ಬಾನೆಟ್ ತುಂಬ ಗೀರು. ಪುಣ್ಯಕ್ಕೆ ಉಂಡೆಯ ಅರ್ಧವನ್ನು ಮೊದಲೇ ಮುರಿದು ಎತ್ತಿಟ್ಟಿದ್ದೆ.

ಮೈ ನುಣುಪಾಯಿತು. ಸ್ವಸ್ತಿಕ ಮಾತ್ರ ಜಗ್ಗಲಿಲ್ಲ.

"ಎಷ್ಟ್ ತಿಕ್ಕಾಕತ್ತಿ? ಮ್ಯಾಲ ವ್ಯಾಕ್ಸ್ ಬಳದ್ ಬಿಡು, ಮುಚ್ಚಿ ಹೋಗ್ತದ," ಎಂದರು ಕಾಕಾ, ಕುರ್ಚಿ ಹಾಕಿಕೊಂಡು ಕುಳಿತವರು.

"ಮೇಲೆ ಥಳುಕು, ಒಳಗೆ ಹುಳುಕು ನನಗ ಬ್ಯಾಡ್ರಿ ಕಾಕಾ."

ಪಾಲಿಶ್ ಹಚ್ಚಿ ಒಂದೊಂದು ಗೆರೆಯನ್ನೂ ಉಜ್ಜಿದೆ. ರಟ್ಟೆಗಳು ಸೋತವು. ಸಂಜೆಯ ಹೊತ್ತಿಗೆ ಬಾನೆಟ್ ಥಳಥಳ ಹೊಳೆಯಿತು, ಕಲೆ ಕಾಣಲಿಲ್ಲ. ತಂಗಿ ಮೆಹಂದಿ ಕೈ ಎತ್ತಿಕೊಂಡೇ ಕುಣಿದಳು.

ನಾನು ಕುಣಿಯಲಿಲ್ಲ. ಪಾಲಿಶಿನ ಎಣ್ಣೆಯೂ ಕಲೆಯನ್ನು ಮುಚ್ಚಿ ಹೊಳೆಯುತ್ತದೆ, ಮತ್ತು ಆ ಎಣ್ಣೆ ತೆಗೆಯದಿದ್ದರೆ ಬಣ್ಣ ಕಾಯುವ ಸೀಲಂಟ್ ಲೇಪ ಹಿಡಿಯುವುದಿಲ್ಲ. ಸ್ಪಿರಿಟ್ ಬೆರೆಸಿದ ನೀರು ಚಿಮುಕಿಸಿ ಬಟ್ಟೆ ಎತ್ತಿಕೊಂಡೆ.

"ಬಂದ ಹೊಳಪ ಅಳಿಸ್ತಿ ಏನ, ಹುಚ್ಚಿ?" ಅವ್ವ ನನ್ನ ಕೈ ಹಿಡಿದಳು.

ಕಲೆ ಮತ್ತೆ ಎದ್ದರೆ ತಂಗಿ ಬಾಡಿಗೆ ಕಾರು ಹತ್ತುತ್ತಾಳೆ. ಕೈ ಬಿಡಿಸಿಕೊಂಡು ಒರೆಸಿದೆ. ಟಾರ್ಚ್ ಹಾಕಿ ಓರೆಯಾಗಿ ನೋಡಿದೆ. ಇರಲಿಲ್ಲ! ಒಂದು ಗೆರೆಯೂ ಇರಲಿಲ್ಲ. ಉಳಿದದ್ದು ಬಣ್ಣದ ಸ್ವಂತ ಹೊಳಪು. ಅಂಗಳದಲ್ಲೇ ಸಿಳ್ಳೆ ಹೊಡೆದೆ. ಅವ್ವ ಬೈದಳು, ಇನ್ನೊಮ್ಮೆ ಹೊಡೆದೆ. ಸೀಲಂಟನ್ನು ಆಗಲೇ ಹಚ್ಚಿದೆ, ವ್ಯಾಕ್ಸನ್ನು ಬೆಳಗ್ಗೆ. ಅಷ್ಟೆಲ್ಲ ತಿಕ್ಕಿದ ಮೇಲೆ ಅದೊಂದು ಕೆಲಸವೇ ಅಲ್ಲ.

ಕಾಕಾ ಬೆಳಗ್ಗೆ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಡಿಗೆ ಕಾರಿನ ಮಾತು ಎತ್ತಲಿಲ್ಲ. ತಂಗಿ ಹಿಂದೆ ಕೂತಳು, ನಾನು ಸ್ಟಿಯರಿಂಗ್ ಹಿಡಿದೆ. ಅಷ್ಟರಲ್ಲಿ ಅವ್ವ ತಾಟಿನಲ್ಲಿ ಎಣ್ಣೆ-ಕುಂಕುಮ ಹಿಡಿದು ಬಂದು, ಸ್ವಸ್ತಿಕ ಬರೆಯಲು ಬಾನೆಟ್ಟಿನತ್ತ ಬೆರಳು ಚಾಚಿದಳು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಧೋತರ ಎತ್ತಿಕೊಂಡು ಓಡಿಬಂದರು.

"ವೈನಿ, ಮುಟ್ಟಬ್ಯಾಡ್ರಿ! ಮುಂದಿನ ಗಾಜಿನ ಮ್ಯಾಲ ಬರೀರಿ. ನಮ್ ಗಾಡಿ ಅದ ಅದು!"