ಅವಳ ಉಸಿರಿಗೆ ಹೊಂದಿಸಿದ ಯಂತ್ರ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಊದಕ್ಕ ಎಂದೇ ಕರೆಯುತ್ತಿದ್ದರು. ಬಂದವರ ಕೈಗೆ ಕೊಳವೆ ಕೊಟ್ಟು, “ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ” ಎಂದು ದಿನವಿಡೀ ಹೇಳುವುದು ಅವಳ ಕೆಲಸ. ಪಕ್ಕದ ಕೋಣೆಯಲ್ಲಿ ರಕ್ತ ತೆಗೆಯುವವಳು ನಾನು. ನನಗೆ ಅವಳು ಇಟ್ಟ ಹೆಸರು ಸೂಜಿ. ನಮ್ಮಿಬ್ಬರ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಈಗ ಅದರ ಆಚೆಯಿಂದ ಬೇರೆ ದನಿ ಕೇಳುತ್ತದೆ.

“ನಿನ್ನ ಹತ್ರ ಬಂದೋರು ಮುಖ ಕಿವುಚಿಕೊಂಡು ಹೋಗ್ತಾರೆ ಕಣೆ,” ಎಂದು ಗೋಡೆಯ ಮೇಲಿಂದಲೇ ಛೇಡಿಸುತ್ತಿದ್ದಳು. “ನನ್ನ ಹತ್ರ ನೋವಿಲ್ಲ, ರಕ್ತ ಇಲ್ಲ. ಊದಿದ್ರು, ಎದ್ದು ಹೋದ್ರು.”

ಈ ಕೆಲಸಕ್ಕೆ ಬರುವ ಮೊದಲು ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿದ್ದಳು. ಹಬೆಯಲ್ಲಿ ಹಾಸಿಗೆ ಬಟ್ಟೆ ಕುದಿಸಿ, ಹಿಂಡಿ, ಒಣಹಾಕಿ ಮಗಳನ್ನು ಓದಿಸಿದವಳು. ಉಸಿರಿನಿಂದ ಕಾಯಿಲೆ ಪತ್ತೆಹಚ್ಚುವ ಯಂತ್ರವನ್ನು ಕೂರಿಸಲು ಬಂದವನು ನಮಗೆಲ್ಲ ವಿವರಿಸಿದ್ದ: ಒಂದೊಂದು ಕಾಯಿಲೆಯೂ ಉಸಿರಿನಲ್ಲಿ ತನ್ನದೇ ಒಂದು ಸುಳಿವು ಬಿಡುತ್ತದೆ, ಮನುಷ್ಯರ ಮೂಗಿಗೆ ಸಿಗದಷ್ಟು ಮೊದಲೇ ಯಂತ್ರ ಅದನ್ನು ಹಿಡಿಯುತ್ತದೆ. ಆದರೆ ಆರೋಗ್ಯದ ಉಸಿರು ಹೇಗಿರುತ್ತದೆ ಎಂದು ಯಂತ್ರಕ್ಕೆ ಮೊದಲು ತಿಳಿಸಬೇಕು. ಅದಕ್ಕಾಗಿ ದಿನಾ ಬೆಳಿಗ್ಗೆ ಗಟ್ಟಿಮುಟ್ಟಾದ ಒಬ್ಬರು ಖಾಲಿ ಹೊಟ್ಟೆಯಲ್ಲಿ ಊದಬೇಕು. ಆಮೇಲೆ ಬಂದವರನ್ನೆಲ್ಲ ಯಂತ್ರ ಆ ಉಸಿರಿನ ಜೊತೆಗೇ ಹೋಲಿಸುತ್ತದೆ. ಅದರಲ್ಲಿಲ್ಲದ ಸುಳಿವು ಯಾವುದೂ ಕಾಣದಿದ್ದರೆ ಹಸಿರು ದೀಪ, ಕಂಡರೆ ಕೆಂಪು. ದಿನಾ ಒಬ್ಬರೇ ಊದಿದರೆ ಒಳ್ಳೆಯದು, ಆಳು ಬದಲಾದರೆ ಯಂತ್ರ ಗೊಂದಲಕ್ಕೆ ಬೀಳುತ್ತದೆ ಎಂದ. ಕಾಯಿಲೆ ಎಂದು ಒಂದು ದಿನವೂ ರಜೆ ಹಾಕದವರು ಯಾರು ಎಂದು ದೊಡ್ಡ ಡಾಕ್ಟರು ಕೇಳಿದಾಗ ಎಲ್ಲರ ಬೆರಳೂ ಅವಳ ಕಡೆ ತಿರುಗಿದವು.

ಅವಳು ಅದನ್ನು ವ್ರತದಂತೆ ಹಿಡಿದಳು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಳು. ಬೆಳಗಿನ ಕಾಫಿ ಬಿಟ್ಟಳು. ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವವನು.

“ನಿನ್ನ ಮಿಷನ್ ಸಾಕೋಕೆ ನಾನೂ ಸಪ್ಪೆ ತಿನ್ನಬೇಕೇನೆ?” ಎಂದು ಗೊಣಗುತ್ತಿದ್ದ.

“ವಾಸನೆ ಗೊತ್ತಾಗದ ಮೂಗಿಗೆ ಸಪ್ಪೆ ಆದ್ರೇನು, ಖಾರ ಆದ್ರೇನು, ಸುಮ್ನೆ ತಿನ್ನಿ,” ಎನ್ನುತ್ತಿದ್ದಳು. ಬಣ್ಣ ಮತ್ತು ಟರ್ಪೆಂಟೈನಿನ ನಡುವೆ ಬದುಕಿ ಅವನ ಮೂಗು ಎಂದೋ ಸತ್ತಿತ್ತು. ಆಗ ಅದು ನಗುವ ಮಾತಾಗಿತ್ತು.

ಎರಡನೆಯ ವರ್ಷ ಅವಳಿಗೆ ಅಂಗೈ ತುರಿಕೆ ಶುರುವಾಯಿತು. ಮಧ್ಯಾಹ್ನವಾಗುವಷ್ಟರಲ್ಲಿ ಕುರ್ಚಿಗೆ ಒರಗುತ್ತಿದ್ದಳು. ಒಂದು ಸಂಜೆ ಅವಳ ಮಗಳು ನನ್ನನ್ನು ಹೊರಗೆ ಕರೆದಳು. “ಚಿಕ್ಕಮ್ಮ, ಅಮ್ಮ ಹತ್ರ ಬಂದು ಮಾತಾಡಿದ್ರೆ ಏನೋ ಹಳಸಿದ ಸಿಹಿ ವಾಸನೆ ಬರುತ್ತೆ. ನಾನು ಹೇಳಿದ್ರೆ ಬೈತಾಳೆ. ನೀವಾದ್ರೂ ಹೇಳಿ.”

ಹೇಳಿದೆ. ಅವಳು ನನ್ನ ಕೈ ಹಿಡಿದು ಯಂತ್ರದ ಮುಂದೆ ನಿಲ್ಲಿಸಿ, ಊದಿ ತೋರಿಸಿದಳು. ಹಸಿರು.

“ನೋಡಿದ್ಯಾ?”

“ಆದ್ರೂ ತೋಳು ಚಾಚು, ಒಂದು ಸಲ ರಕ್ತ ನೋಡಿಬಿಡೋಣ.”

“ನಾನೇ ಹೋಗಿ ನಿನ್ನ ಹತ್ರ ಚುಚ್ಚಿಸಿಕೊಂಡ್ರೆ ನನ್ನ ಕೋಣೆಗೆ ಯಾರು ಬರ್ತಾರೆ? ಹೋಗೆ, ಗಿರಾಕಿ ಹುಡುಕ್ತಾ ಬಂದಿದಾಳೆ.”

ಆಮೇಲೆ ಅವಳು ತಂಗಿಯ ಮನೆಗೆ ಹೋಗಿ ಬಂದಳು. ಅವಳಿಲ್ಲದಾಗ ಯಂತ್ರಕ್ಕೆ ಬೆಳಗಿನ ಉಸಿರು ಕೊಡುತ್ತಿದ್ದವನು ಗೇಟಿನ ಕಾವಲುಗಾರ. ಮರಳಿ ಬಂದ ದಿನ ಬಸ್ಸು ತಡವಾಗಿ, ಅವಳು ಬರುವಷ್ಟರಲ್ಲಿ ಅವನು ಊದಿ ಆಗಿತ್ತು. ಬಟ್ಟೆ ಅಂಗಡಿಯ ಮುದುಕ ದರ್ಜಿಯೊಬ್ಬರು ಪರೀಕ್ಷೆ ಮಾಡಿಸಿ, ಕೆಂಪು ದೀಪ ಕಂಡು ಬೆವರುತ್ತ ಬೆಂಚಿನ ಮೇಲೆ ಕುಳಿತಿದ್ದರು. ಅವಳು ಚೀಲ ಇಳಿಸಿ, ಕೊಳವೆ ಬದಲಿಸಿ, ತಾನೂ ಊದಿದಳು.

ಕೆಂಪು.

ಅವಳು ಕಾವಲುಗಾರನ ಕಡೆ ತಿರುಗಿದಳು. “ಬೆಳಿಗ್ಗೆ ಏನು ತಿಂದೆ, ನಿಜ ಹೇಳು.”

“ಬೆಳಿಗ್ಗೆ ಏನಿಲ್ಲ ಊದಕ್ಕ. ರಾತ್ರಿ ಸ್ವಲ್ಪ ಬೆಳ್ಳುಳ್ಳಿ.”

“ನಿನ್ನ ಸ್ವಲ್ಪ ನನಗೆ ಗೊತ್ತಿಲ್ವಾ? ಮಿಷನ್ ತಲೇನೇ ಕೆಡಿಸಿದೀಯ.”

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಅವಳು ಅವನ ಉಸಿರನ್ನು ಅಳಿಸಿ, ಯಂತ್ರಕ್ಕೆ ಮತ್ತೆ ತನ್ನ ಉಸಿರು ಕೊಟ್ಟಳು. ದರ್ಜಿಯವರನ್ನು ಕರೆದು ಇನ್ನೊಮ್ಮೆ ಊದಿಸಿದಳು. ಹಸಿರು. ಅವರ ಕಣ್ಣಲ್ಲಿ ನೀರು ಬಂತು. “ಹೋಗಿ ಬನ್ನಿ, ಇನ್ನೂ ನೂರು ವರ್ಷ ಹೊಲೀರಿ,” ಎಂದು ಬಾಗಿಲವರೆಗೆ ಕಳಿಸಿಕೊಟ್ಟಳು.

ಅವಳ ಕಣ್ಣು ಹಳದಿಯಾದ ಮೇಲೆ ಮಗಳೇ ಎಳೆದು ತಂದು ನನ್ನ ಕುರ್ಚಿಯಲ್ಲಿ ಕೂರಿಸಿದಳು. ಅವಳ ರಕ್ತ ತೆಗೆದದ್ದು ನಾನೇ. ಲಿವರ್ ಬಹಳ ಮಟ್ಟಿಗೆ ಹಾಳಾಗಿದೆ, ಒಂದು ವರ್ಷದಿಂದಾದರೂ ಇದು ಒಳಗೇ ಬೆಳೆಯುತ್ತಿರಬೇಕು ಎಂದರು ದೊಡ್ಡ ಡಾಕ್ಟರು. ಗಂಡ ಗೋಡೆಗೆ ಒರಗಿ ನಿಂತ. ತನಗೆ ಇನ್ನೆಷ್ಟು ದಿನ ಎಂದು ಅವಳು ಕೇಳಲಿಲ್ಲ.

“ಆ ವರ್ಷವೆಲ್ಲ ಬೆಳಿಗ್ಗೆ ಊದಿದೋಳು ನಾನೇ ಅಲ್ವಾ?” ಎಂದಳು.

ಮರುದಿನ ಹಠ ಹಿಡಿದು ಗಾಲಿಕುರ್ಚಿಯಲ್ಲಿ ತನ್ನ ಕೋಣೆಗೆ ಹೋದಳು. ಕಾವಲುಗಾರ ಖಾಲಿ ಹೊಟ್ಟೆಯಲ್ಲಿ, ಬೆಳ್ಳುಳ್ಳಿ ಮುಟ್ಟದೆ ಬಂದು ಮೊದಲು ಊದಿದ. ಆಮೇಲೆ ಅವಳು ಊದಿದಳು; ಉಸಿರು ಸಾಲದೆ ಮತ್ತೆ ಊದಬೇಕಾಯಿತು. ಕೆಂಪು ದೀಪ ಹತ್ತಿತು.

“ಮಿಷನ್ ಅವತ್ತೂ ಸರಿ ಇತ್ತು,” ಎಂದಳು. “ದರ್ಜಿಯವರನ್ನ ಕರೀರಿ. ನನ್ನಂಥ ಕಾಯಿಲೆ ಇರೋರಿಗೆಲ್ಲ ಹಸಿರು ತೋರಿಸಿ ಕಳಿಸಿದೀನಿ. ಎಲ್ಲರನ್ನೂ ಕರೀರಿ.”

ಜನ ಗಾಬರಿಯಾಗುತ್ತಾರೆ, ಸ್ವಲ್ಪ ಯೋಚಿಸೋಣ ಎಂದರು ದೊಡ್ಡ ಡಾಕ್ಟರು. ಅವಳು ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿಂದ ಏಳಲೊಲ್ಲೆ ಎಂದಳು. ಫೋನುಗಳು ಹೋಗತೊಡಗಿದ ಮೇಲೆಯೇ ನಾವು ಅವಳನ್ನು ವಾರ್ಡಿಗೆ ಕರೆದೊಯ್ದದ್ದು. ಅಲ್ಲಿಂದ ಅವಳು ಮನೆಗೆ ಮರಳಲಿಲ್ಲ.

ಫೋನು ಹೋದವರು ಬಂದರೆ ಈಗ ಮೊದಲು ನನ್ನ ಕೋಣೆಗೇ ಕಳಿಸುತ್ತಾರೆ. ಅರ್ಧದಷ್ಟು ಜನ ಇನ್ನೂ ಬಂದಿಲ್ಲ. ನಿನ್ನೆ ದರ್ಜಿಯವರು ಬಂದರು. ಅಂಗಿ ಅವರ ಮೈಮೇಲೆ ಜೋತು ಬಿದ್ದಿತ್ತು.

“ಊದಕ್ಕ ಎಲ್ಲಮ್ಮ?” ಎಂದು ಪಕ್ಕದ ಕೋಣೆಯತ್ತ ಇಣುಕಿದರು. “ಅವರೇ ಇದ್ದಿದ್ರೆ ಇದೆಲ್ಲ ಬೇಕಾಗ್ತಾ ಇರಲಿಲ್ಲ. ಅವರದ್ದು ನೋವಿಲ್ಲದ ಕೆಲಸ.”

ನಾನು ಅವರ ತೋಳಿಗೆ ಪಟ್ಟಿ ಬಿಗಿದು, ಮುಖ ನೋಡಿ ಮಾತಾಡಿಸೋಣವೆಂದು ತಲೆ ಎತ್ತಿದೆ. ಕಿಟಕಿಯ ಬೆಳಕು ನೇರ ಅವರ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು.